ಕನ್ನಡಿಯೊಳಗಿನ ತಾರೀಖು

ಮಾನಿಟರಿನ ಮುಂದೆ ಅರೆಪಾರದರ್ಶಕ ಗಾಜು, ಹಿಂದೆ ಅಂಗೈಯಗಲದ ರಾಸ್ಪ್‌ಬೆರಿ ಪೈ ಕಂಪ್ಯೂಟರ್. ಮನೆಯಲ್ಲೇ ಕಟ್ಟುವ ಸ್ಮಾರ್ಟ್ ಕನ್ನಡಿ ಇಷ್ಟೇ. ಪರದೆ ಕಪ್ಪಗಿರುವ ಕಡೆ ನಮ್ಮ ಮುಖ ಕಾಣುತ್ತದೆ, ಬಿಳಿ ಅಕ್ಷರ ಮೂಡಿದ ಕಡೆ ಅದರ ಬೆಳಕು ಗಾಜನ್ನು ದಾಟಿ ಬರುತ್ತದೆ. ನೆದರ್ಲೆಂಡ್ಸ್‌ನ ಮೈಕೆಲ್ ಟೇವ್ 2014ರಲ್ಲಿ ಇಂಥದ್ದೊಂದನ್ನು ಮಾಡಿ ತೋರಿಸಿದರು. ಅವರ ಮ್ಯಾಜಿಕ್‌ಮಿರರ್ ತಂತ್ರಾಂಶ ಉಚಿತ, ಯಾರು ಬೇಕಾದರೂ ತಿದ್ದಿಕೊಳ್ಳಬಹುದು.

ಚೌಕಟ್ಟಿನ ಮರಗೆಲಸ ಮುಗಿದ ಮೇಲೆ ಹೆಚ್ಚಿನವರು ಗಮನ ಕೊಡದೆ ಬಿಡುವುದು ಕ್ಯಾಲೆಂಡರಿನ ತಾರೀಖನ್ನು. ನನ್ನ ಮಟ್ಟಿಗೆ ಕನ್ನಡಿಯ ಉಪಯೋಗ ನಿಂತಿರುವುದೇ ಅದರ ಮೇಲೆ. ಹಲ್ಲುಜ್ಜುತ್ತಾ ನಿಂತವರು ಒಂದೇ ನೋಟದಲ್ಲಿ ಓದಿಕೊಳ್ಳಬೇಕು, ಲೆಕ್ಕ ಹಾಕುವಂತಿರಬಾರದು. 04/05 ಎಂದು ಬರೆದರೆ ಅದು ಮೇ ನಾಲ್ಕೋ ಏಪ್ರಿಲ್ ಐದೋ?

ಹೊಸದಾಗಿ ಹಾಕಿದ ತಂತ್ರಾಂಶ ತಾರೀಖನ್ನು 'ಇನ್ನಿಷ್ಟು ದಿನದಲ್ಲಿ' ಎಂಬ ಸಾಪೇಕ್ಷ ರೀತಿಯಲ್ಲಿ ತೋರಿಸುತ್ತದೆ. ಇಪ್ಪತ್ಮೂರು ದಿನದಲ್ಲಿ ಮದುವೆ ಎಂದರೆ ಯಾವ ವಾರ? ಮತ್ತೆ ಬೆರಳು ಮಡಿಸಬೇಕು. ತಂತ್ರಾಂಶದ ಆಯ್ಕೆಗಳನ್ನು ಬರೆದಿಡುವ ಕಾನ್ಫಿಗ್ ಕಡತದ ಕ್ಯಾಲೆಂಡರ್ ಭಾಗದಲ್ಲಿ ಟೈಮ್‌ಫಾರ್ಮ್ಯಾಟ್ ಎಂಬುದನ್ನು 'ಆ್ಯಬ್ಸಲ್ಯೂಟ್' ಮಾಡಿದರೆ ನಿಜವಾದ ತಾರೀಖು ಬರುತ್ತದೆ. ಆಗಲೂ ಹತ್ತಿರದ ದಿನಗಳು ಸಾಪೇಕ್ಷವಾಗಿಯೇ ಇರುತ್ತವೆ. ಎಷ್ಟು ದಿನದೊಳಗಿನವು ಎಂಬುದನ್ನು 'ಅರ್ಜೆನ್ಸಿ' ನಿರ್ಧರಿಸುತ್ತದೆ, ಅದು ಮೊದಲಿಗೆ 7 ಇರುತ್ತದೆ.

ತಾರೀಖಿನ ರೂಪವನ್ನು ಕೊಡುವುದು ಡೇಟ್‌ಫಾರ್ಮ್ಯಾಟ್. ಇಂಗ್ಲಿಷಿನ ಸಣ್ಣ 'ಡಿ' ನಾಲ್ಕು ಸಲ ಬರೆದರೆ ವಾರದ ಹೆಸರು, ದೊಡ್ಡ 'ಡಿ' ಒಂದಾದರೆ ದಿನದ ಅಂಕೆ, ದೊಡ್ಡ 'ಎಮ್' ನಾಲ್ಕಾದರೆ ತಿಂಗಳ ಪೂರ್ತಿ ಹೆಸರು. ಇಲ್ಲಿ ಎಚ್ಚರ ಬೇಕು: ಸಣ್ಣ 'ಎಮ್' ಎಂದರೆ ನಿಮಿಷ. ಅದನ್ನು ಹಾಕಿದರೆ ತಿಂಗಳ ಜಾಗದಲ್ಲಿ ಸೊನ್ನೆಯೋ ಮೂವತ್ತೋ ಬಂದು ಕೂರುತ್ತದೆ. ಹಬ್ಬ, ಹುಟ್ಟುಹಬ್ಬದಂಥ ಇಡೀ ದಿನದ ಸಂಗತಿಗಳಿಗೆ ಬೇರೆಯೇ ಸಾಲಿದೆ, ಅದರ ಹೆಸರು ಫುಲ್‌ಡೇಇವೆಂಟ್‌ಡೇಟ್‌ಫಾರ್ಮ್ಯಾಟ್. ಅದನ್ನು ತಿದ್ದಲು ಮರೆತರೆ ಗಣೇಶ ಚೌತಿ ಒಂದು ರೂಪದಲ್ಲಿ, ದಂತವೈದ್ಯರ ಭೇಟಿ ಇನ್ನೊಂದು ರೂಪದಲ್ಲಿ ಕಾಣುತ್ತದೆ.

ಈ ಅಕ್ಷರಗಳನ್ನು ಓದಿ ತಾರೀಖು ಮಾಡಿಕೊಡುವುದು ಮೊಮೆಂಟ್ ಎಂಬ ಸಿದ್ಧ ಕೋಡಿನ ಸಂಗ್ರಹ (ಲೈಬ್ರರಿ). ಅದಕ್ಕೆ ಕನ್ನಡ ಗೊತ್ತು! ಭಾಷೆಯ ಸಂಕೇತವಾಗಿ ಇಂಗ್ಲಿಷಿನ 'ಕೆ' ಮತ್ತು 'ಎನ್' ಕೊಟ್ಟರೆ 'ಶನಿವಾರ, ೧೫ ಆಗಸ್ಟ್' ಎಂದು ಕನ್ನಡ ಅಂಕಿಯಲ್ಲೇ ಬರೆಯಬಲ್ಲದು. ಅಕ್ಷರದ ಬದಲು ಖಾಲಿ ಚೌಕಗಳು ಕಂಡರೆ ಪೈಗೆ ಕನ್ನಡ ಫಾಂಟ್ ಹಾಕಿಲ್ಲವೆಂದು ಅರ್ಥ.

ಸಮಯವಲಯವನ್ನು ಏಷ್ಯಾ/ಕೋಲ್ಕತಾ ಎಂದು ಇಡದಿದ್ದರೆ ಇದೆಲ್ಲ ವ್ಯರ್ಥ. ಅಂತರ್ಜಾಲದ ಕ್ಯಾಲೆಂಡರುಗಳು ವೇಳೆಯನ್ನು ಹಲವು ಸಲ ವಿಶ್ವ ಸಮಯದಲ್ಲಿ ಕಳಿಸುತ್ತವೆ. ಪೈ ಆ ಸಮಯದಲ್ಲೇ ಉಳಿದರೆ ಐದೂವರೆ ಗಂಟೆಯ ವ್ಯತ್ಯಾಸದಿಂದ ನಮ್ಮ ನಸುಕಿನ ರೈಲು ಹಿಂದಿನ ದಿನದ ತಾರೀಖಿಗೆ ಸೇರುತ್ತದೆ. ಗೋಡೆಗೆ ಮೊಳೆ ಹೊಡೆಯುವ ಮೊದಲು ಬೆಳಗಿನ ಜಾವದ ಕಾರ್ಯಕ್ರಮವೊಂದನ್ನು ಸೇರಿಸಿ, ದಿನ ಸರಿಯಾಗಿ ಬರುತ್ತದೆಯೇ ನೋಡಿಕೊಳ್ಳಿ.