ಕೇಳಿದ್ದರೆ ಚೆಂಡು ಸಿಗುತ್ತಿತ್ತು

ಷಿಕಾಗೊದ ಶಾಲೆಗಳಲ್ಲಿ ನಡೆಯುವ ಒಂದು ಆಟ. ಹುಡುಗರನ್ನು ಜೋಡಿಜೋಡಿಯಾಗಿ ನಿಲ್ಲಿಸಿ ಒಬ್ಬನ ಕೈಗೆ ಚೆಂಡು ಕೊಡುತ್ತಾರೆ. ಇನ್ನೊಬ್ಬ 30 ಸೆಕೆಂಡಿನೊಳಗೆ ಅದನ್ನು ಪಡೆಯಬೇಕು. ಮರುಕ್ಷಣವೇ ಎಳೆದಾಟ, ತಳ್ಳಾಟ. ಸಮಯ ಮುಗಿದ ಮೇಲೆ ಸಲಹೆಗಾರ ಕೇಳುತ್ತಾರೆ: ‘ಚೆಂಡು ಕೊಡು ಅಂತ ಯಾರಾದರೂ ಬಾಯಿಬಿಟ್ಟು ಕೇಳಿದಿರಾ?’ ಕೇಳಿದ್ದರೆ ತಮ್ಮನ್ನು ಪುಕ್ಕಲರೆಂದು ತಿಳಿಯುತ್ತಿದ್ದರು ಎನ್ನುತ್ತಾರೆ ಹುಡುಗರು. ಚೆಂಡು ಹಿಡಿದಿದ್ದವರದು ಬೇರೆಯೇ ಉತ್ತರ: ಕೇಳಿದ್ದರೆ ಕೊಟ್ಟುಬಿಡುತ್ತಿದ್ದೆವು.

ಇದು ಯೂತ್ ಗೈಡೆನ್ಸ್ ಸಂಸ್ಥೆಯ ‘ಬಿಕಮಿಂಗ್ ಎ ಮ್ಯಾನ್’ ಕಾರ್ಯಕ್ರಮದ ಪಾಠ. 2001ರಲ್ಲಿ ಇದನ್ನು ಕಟ್ಟಿದವರು ಆ್ಯಂಟನಿ ರಮಿರೆಜ್-ಡಿ ವಿಟೋರಿಯೊ.

ಜಗಳವಾಡಬೇಡಿ ಎಂದು ಇಲ್ಲಿ ಯಾರೂ ಉಪದೇಶಿಸುವುದಿಲ್ಲ. ಕಾರ್ಯಕ್ರಮದ ನಿಜವಾದ ಜಾಣ್ಮೆ ಇರುವುದು ಅಲ್ಲೇ. ಗ್ಯಾಂಗುಗಳು ಬೀಡುಬಿಟ್ಟ ಬೀದಿಯಲ್ಲಿ ಒಮ್ಮೆ ತಲೆತಗ್ಗಿಸಿದವನ ಮೇಲೆ ಮರುದಿನವೂ ಕೈ ಬೀಳುತ್ತದೆ. ಅಲ್ಲಿ ಎದುರು ನಿಲ್ಲುವುದು ಬದುಕುವ ದಾರಿ. ಅದೇ ಹುಡುಗ ತರಗತಿಯಲ್ಲಿ ‘ಸುಮ್ಮನೆ ಕೂತುಕೋ’ ಎಂದ ಶಿಕ್ಷಕರ ಮೇಲೂ ತಿರುಗಿಬಿದ್ದರೆ ಶಾಲೆಯ ಬಾಗಿಲು ಮುಚ್ಚುತ್ತದೆ. ತಾನೀಗ ಎಲ್ಲಿದ್ದೇನೆ, ಎದುರಿರುವವನ ಮನಸ್ಸಿನಲ್ಲಿ ಏನಿದೆ ಎಂದು ಒಂದು ಗಳಿಗೆ ತಡೆದು ನೋಡುವ ಶಕ್ತಿ ಅವನಿಗೆ ಬೇಕು. ಅದು ಹುಟ್ಟಿನಿಂದ ಬರುವ ಗುಣವಲ್ಲ, ಅಭ್ಯಾಸದಿಂದ ಕೂಡಿಬರುವಂಥದ್ದು.

ಹಾಗೆನ್ನಲು ಪುರಾವೆಯೂ ಇದೆ. ಷಿಕಾಗೊ ವಿಶ್ವವಿದ್ಯಾಲಯದ ಕ್ರೈಮ್ ಲ್ಯಾಬ್ ಜತೆ ನಡೆದ ಅಧ್ಯಯನಗಳಲ್ಲಿ, ಲಾಟರಿಯಂತೆ ಆಯ್ಕೆಯಾಗಿ ಪಾಲ್ಗೊಂಡ ಹುಡುಗರಲ್ಲಿ ಹಿಂಸಾಪರಾಧದ ಬಂಧನಗಳು ಶೇ 45ರಿಂದ 50ರಷ್ಟು, ಒಟ್ಟು ಬಂಧನಗಳು ಶೇ 28ರಿಂದ 35ರಷ್ಟು ಇಳಿದವು. 2017ರಲ್ಲಿ ಪ್ರಕಟವಾದ ಈ ಅಂಕಿಗಳು ಅಳೆದದ್ದು ಬಂಧನವನ್ನು, ಗ್ಯಾಂಗ್ ಸೇರಿದವರ ಲೆಕ್ಕವನ್ನಲ್ಲ. ಆದರೂ ಗ್ಯಾಂಗಿನ ಜಗಳಗಳು ಎಷ್ಟೋ ಸಲ ಒಂದು ಅವಮಾನದ ಮಾತಿನಿಂದಲೇ ಹೊತ್ತಿಕೊಳ್ಳುವುದನ್ನು ನೆನೆದರೆ, ಆ ತಡೆದು ನೋಡುವ ಗಳಿಗೆಯ ಬೆಲೆ ತಿಳಿಯುತ್ತದೆ.

ಆದರೆ ಕಾರ್ಯಕ್ರಮ ಮುಗಿದ ಮೇಲೆ ಬಂಧನಗಳ ಮೇಲಿನ ಪರಿಣಾಮ ಮಸುಕಾಯಿತು. ಹುಡುಗನೊಬ್ಬನೇ ಈ ಶಕ್ತಿಯನ್ನು ಉಳಿಸಿಕೊಳ್ಳಲಿ ಎನ್ನುವುದು ನ್ಯಾಯವಲ್ಲ. ಹವಾಯಿಯ ಕವಾಯ್ ದ್ವೀಪದಲ್ಲಿ 1955ರಲ್ಲಿ ಹುಟ್ಟಿದ 698 ಮಕ್ಕಳ ಬದುಕನ್ನು ದಶಕಗಳ ಕಾಲ ಹಿಂಬಾಲಿಸಿದ ಎಮ್ಮಿ ವರ್ನರ್ ಕಂಡದ್ದೂ ಇದಕ್ಕೆ ಹತ್ತಿರದ್ದು. ಬಡತನ, ಒಡೆದ ಸಂಸಾರಗಳ ನಡುವೆ ಬೆಳೆದ ಮಕ್ಕಳಲ್ಲಿ ಸುಮಾರು ಮೂರನೇ ಒಂದರಷ್ಟು ಮಂದಿ ನೆಟ್ಟಗೆ ನಿಂತರು. ಅವರಿಗೆ ತಮ್ಮದೇ ಆದ ಒಂದು ಹವ್ಯಾಸ ಅಥವಾ ಕೈಚಳಕವಿತ್ತು. ಅಜ್ಜಿಯೋ ಶಿಕ್ಷಕರೋ ನೆರೆಯವರೋ, ಕೈಬಿಡದ ಹಿರಿಯರೊಬ್ಬರಿದ್ದರು. ಷಿಕಾಗೊದ ಸಲಹೆಗಾರರೂ ವಾರದ ತರಗತಿ ಮುಗಿಸಿ ಹೊರಟುಬಿಡುವವರಲ್ಲ. ಹುಡುಗರು ಹುಡುಕಿಕೊಂಡು ಬಂದರೆ ಸಿಗುವಂತೆ ಶಾಲೆಯಲ್ಲೇ ಇರುತ್ತಾರೆ.