ಗುರುತು ಸಿಗದವರ ಗುರುತು

‘ಸುಮಾರು 35 ವರ್ಷದ ಗಂಡಸು, ಕೋಲುಮುಖ, ಗೋಧಿ ಮೈಬಣ್ಣ, ಸಾಧಾರಣ ಮೈಕಟ್ಟು, ವಾರಸುದಾರರು ಪತ್ತೆಯಾಗಿಲ್ಲ.’ ವೃತ್ತಪತ್ರಿಕೆಯ ಮೂಲೆಯಲ್ಲಿ ಬರುವ ಇಂತಹ ಪ್ರಕಟಣೆಗಳನ್ನು ವಾಚಕರು ಕಂಡೇ ಇರುತ್ತಾರೆ. ಬೆಳಗಾವಿಯಿಂದ ಖಾನಾಪುರವನ್ನು ಹಾದು ಲೋಂಡಾದ ಕಡೆಗೆ ಸಾಗುವ ರೈಲುಹಾದಿಯ ಬದಿಯಲ್ಲಾಗಲಿ ಘಟ್ಟದ ಕಾಡಿನಲ್ಲಾಗಲಿ ಶವವೊಂದು ದೊರೆತು ಗುರುತು ಸಿಗದೆ ಹೋದರೆ, ಲೋಕಕ್ಕೆ ಉಳಿಯುವುದು ಇಷ್ಟೇ ವರ್ಣನೆ. ಇದರ ಬೆಲೆಯೆಷ್ಟು? ಬೆಳಗಾವಿಯ ಬಸ್ ನಿಲ್ದಾಣದಲ್ಲಿ ಅರ್ಧ ಗಂಟೆ ನಿಂತರೆ ಈ ವರ್ಣನೆಗೆ ಒಪ್ಪುವ ಹತ್ತಾರು ಜನ ನಮ್ಮ ಮುಂದೆಯೇ ಹಾದು ಹೋದಾರು.

ಅತ್ತ ಯಾವುದೋ ಮನೆಯಲ್ಲಿ ಒಬ್ಬ ತಾಯಿಯೋ ಹೆಂಡತಿಯೋ ಕಾಯುತ್ತಿರುತ್ತಾಳೆ. 7 ವರ್ಷ ಸುಳಿವಿಲ್ಲದವನನ್ನು ಸತ್ತನೆಂದು ಭಾವಿಸಲು ನಮ್ಮ ಕಾಯಿದೆ ಅವಕಾಶ ಕೊಡುತ್ತದೆ, ಮನಸ್ಸು ಕೊಡುವುದಿಲ್ಲ.

ಇಲ್ಲಿ ಕೊರತೆ ಸುದ್ದಿಯದಲ್ಲ, ಎರಡು ಕಾಗದಗಳು ಒಂದೆಡೆ ಸೇರದಿರುವುದು. 2003ರಿಂದ 2009ರ ವರೆಗೆ ನಮ್ಮ ರಾಜ್ಯದ ಹಲವು ಊರುಗಳ ಬಸ್ ನಿಲ್ದಾಣಗಳ ಶೌಚಾಲಯಗಳಲ್ಲಿ ಸ್ತ್ರೀಯರ ಶವಗಳು ಸಿಕ್ಕಿದುವು. ಒಂದೊಂದೂ ಆಯಾ ಊರಿನ ಠಾಣೆಯ ಅಸ್ವಾಭಾವಿಕ ಮರಣದ ಕಡತ ಸೇರಿತು. ಕಾಣೆಯಾದವರ ಮನೆಗಳಿದ್ದುದು ದೂರದ ಕರಾವಳಿಯಲ್ಲಿ. 2009ರಲ್ಲಿ ಬಂಟ್ವಾಳದ ಕಡೆಯ ಒಬ್ಬ ಯುವತಿ ಕಾಣೆಯಾಗಿ, ಊರಿನವರು ಪ್ರತಿಭಟಿಸಿ, ದೂರವಾಣಿ ಕರೆಗಳ ಜಾಡು ಹಿಡಿದು ಪೊಲೀಸರು ಹೋದಾಗ ಎರಡೂ ಕಡತಗಳು ಒಂದೇ ಮೇಜಿಗೆ ಬಂದುವು. ಪ್ರಾಥಮಿಕ ಶಾಲಾ ಶಿಕ್ಷಕನಾಗಿದ್ದ ಮೋಹನ್ ಕುಮಾರನ ಮೇಲೆ 20 ಹತ್ಯೆಗಳ ಆರೋಪ ಬಂದುದು ಹೀಗೆ.

ಕಡತಕ್ಕೆ ಕಡತ ಜೋಡಿಸುವ ಈ ಕೆಲಸಕ್ಕೆ ಪದವಿ ಬೇಕಿಲ್ಲ, ತಾಳ್ಮೆ ಸಾಕು. ಅಮೆರಿಕದ ಕೆಂಟಕಿಯಲ್ಲಿ 1968ರಲ್ಲಿ ಸಿಕ್ಕಿದ ಒಬ್ಬ ಯುವತಿಯ ಶವಕ್ಕೆ 1998ರಲ್ಲಿ ಹೆಸರು ದೊರಕಿಸಿದವನು ಟಾಡ್ ಮ್ಯಾಥ್ಯೂಸ್ ಎಂಬ ಕಾರ್ಖಾನೆಯ ಕೆಲಸಗಾರ. ರಾತ್ರಿಗಳನ್ನೆಲ್ಲ ಗಣಕಯಂತ್ರದ ಮುಂದೆ ಕಳೆದು, ಆಕೆಯ ಸೋದರಿ ಕೊಟ್ಟಿದ್ದ ಪ್ರಕಟಣೆಯನ್ನು ಅವನು ಕಂಡುಹಿಡಿದ. 2017ರಲ್ಲಿ ‘ಡಿಎನ್‌ಎ ಡೋ ಪ್ರಾಜೆಕ್ಟ್’ ಎಂಬ ಸ್ವಯಂಸೇವಕರ ಸಂಸ್ಥೆಯನ್ನು ಕಟ್ಟಿದ ಇಬ್ಬರಲ್ಲಿ ಕೊಲೀನ್ ಫಿಟ್ಜ್‌ಪ್ಯಾಟ್ರಿಕ್ ಎಂಬಾಕೆ ಭೌತವಿಜ್ಞಾನದಲ್ಲಿ ಡಾಕ್ಟರೇಟ್ ಪಡೆದವರು. ನನ್ನ ಶಾಸ್ತ್ರದವರೆಂದು ಹೇಳಿಕೊಳ್ಳಲು ಸಂತೋಷವಾಗುತ್ತದೆ!

ಇವರ ವಿಧಾನದಲ್ಲಿರುವುದು ಸರಳ ಅಂಕಗಣಿತ. ಅಣ್ಣತಮ್ಮಂದಿರ ಮಕ್ಕಳಲ್ಲಿ ಸರಾಸರಿ ಎಂಟರಲ್ಲೊಂದು ಭಾಗ ಡಿಎನ್‌ಎ ಸಮಾನ; ಅವರ ಮಕ್ಕಳಲ್ಲಿ 32ರಲ್ಲೊಂದು; ಮತ್ತೊಂದು ತಲೆಮಾರಿಗೆ 128ರಲ್ಲೊಂದು. ಮೃತನ ಡಿಎನ್‌ಎಯನ್ನು ಜನರು ತಾವಾಗಿಯೇ ಕೊಟ್ಟಿರುವ ಡಿಎನ್‌ಎಗಳೊಡನೆ ಹೋಲಿಸಿ ದೂರದ ನಂಟನೊಬ್ಬ ಸಿಕ್ಕಿದರೆ, ಈ ಭಾಗದಿಂದ ಸಂಬಂಧವನ್ನು ಊಹಿಸಿ, ವಂಶವೃಕ್ಷದಲ್ಲಿ ಮೇಲೇರಿ, ಮತ್ತೊಂದು ಕೊಂಬೆಯಲ್ಲಿ ಇಳಿಯುವುದು.

ಆದರೆ ಈ ಲೆಕ್ಕವನ್ನು ನಮ್ಮಲ್ಲಿಗೆ ತಂದೊಡನೆ ತೊಡಕು ಹುಟ್ಟುತ್ತದೆ. ಸೋದರಮಾವನಿಗೆ ಹೆಣ್ಣು ಕೊಡುವ ರೂಢಿ ನಮ್ಮದು. ಅಂತಹ ದಂಪತಿಗಳ ಮಗುವಿಗೆ ಒಬ್ಬಳೇ ಮುದುಕಿ ತಂದೆಯ ಕಡೆಯಿಂದ ಅಜ್ಜಿ, ತಾಯಿಯ ಕಡೆಯಿಂದ ಮುತ್ತಜ್ಜಿ! ಆಕೆಯಿಂದ ಮಗುವಿಗೆ ಬರುವುದು ಕಾಲು ಭಾಗವಲ್ಲ. ಕಾಲಿಗೆ ಎಂಟನೆಯ ಒಂದು ಭಾಗ ಸೇರಿ ಎಂಟರಲ್ಲಿ ಮೂರು ಭಾಗ. ದೂರದ ನಂಟನು ಹತ್ತಿರದವನಂತೆ ತೋರುತ್ತಾನೆ. ಇದಲ್ಲದೆ ಆ ಸಂಗ್ರಹಗಳಲ್ಲಿ ಭಾರತೀಯರು ತೀರ ವಿರಳ. ನಮ್ಮಲ್ಲಿ ಕಾಣೆಯಾದವರಿಗೂ ಗುರುತಿಲ್ಲದ ಮೃತರಿಗೂ ಡಿಎನ್‌ಎ ಸೂಚಿಗಳನ್ನು ಏರ್ಪಡಿಸಬೇಕಿದ್ದ ಮಸೂದೆಯನ್ನು 2023ರಲ್ಲಿ ಹಿಂದಕ್ಕೆ ಪಡೆಯಲಾಯಿತು.

ಹಾಗಾದರೆ ಹಲ್ಲನ್ನು ಕೇಳೋಣ. ಎನಾಮೆಲ್ ಪದರ ಬಾಲ್ಯದಲ್ಲಿ ಒಮ್ಮೆ ಕಟ್ಟಿತೆಂದರೆ ಮತ್ತೆ ಬದಲಾಗದು. ಆ ಕಾಲದ ನೀರು, ಅನ್ನಗಳ ಗುರುತು ಅದರಲ್ಲಿ ಉಳಿಯುತ್ತದೆ. ಶಿಲೆಯಲ್ಲಿರುವ ರುಬಿಡಿಯಂ-87 ನಿಧಾನವಾಗಿ ಕ್ಷಯಿಸಿ ಸ್ಟ್ರಾನ್ಷಿಯಂ-87 ಆಗುತ್ತದೆ. ಇದರ ಅರ್ಧಾಯು ಸುಮಾರು 4,900 ಕೋಟಿ ವರ್ಷ. ಆದುದರಿಂದ ರುಬಿಡಿಯಂ ಹೆಚ್ಚಾಗಿರುವ ಹಳೆಯ ಶಿಲೆಗಳಲ್ಲಿ ಸ್ಟ್ರಾನ್ಷಿಯಂ-87ರ ಪಾಲೂ ಹೆಚ್ಚು. ಬೆಳಗಾವಿ ನಗರವಿರುವುದು ಸುಮಾರು 6.6 ಕೋಟಿ ವರ್ಷದ ದಖ್ಖನಿನ ಬಸಾಲ್ಟಿನ ಮೇಲೆ. ಖಾನಾಪುರದ ಕಡೆಗೆ ಹೋದಂತೆ ಆ ಕಪ್ಪುಕಲ್ಲಿನ ಹಾಸು ಮುಗಿಯುತ್ತ ಬಂದು ಇನ್ನೂರು ಕೋಟಿ ವರ್ಷಕ್ಕೂ ಹಿಂದಿನ ಶಿಲೆಗಳು ತಲೆಯೆತ್ತುತ್ತವೆ. ಅಂದಮೇಲೆ ಒಂದೇ ಜಿಲ್ಲೆಯ ಇಬ್ಬರ ಹಲ್ಲುಗಳು ಬೇರೆ ಬೇರೆ ನೆಲದ ಸಾಕ್ಷಿ ಹೇಳಬಹುದು. ಪಡಿತರದ ಅಕ್ಕಿಯೂ ಪಂಜಾಬಿನ ಗೋಧಿಯೂ ಈ ಸಾಕ್ಷಿಯನ್ನು ಕಲಕುತ್ತವೆಂಬುದೂ ನಿಜ.

ಹುಟ್ಟಿದ ವರ್ಷಕ್ಕೆ ಮತ್ತೊಂದು ಉಪಾಯವುಂಟು. 1963ರ ಒಪ್ಪಂದಕ್ಕೆ ಮೊದಲು ನಡೆದ ಪರಮಾಣು ಬಾಂಬ್ ಪರೀಕ್ಷೆಗಳಿಂದ ಗಾಳಿಯಲ್ಲಿ ಇಂಗಾಲ-14 ಇಮ್ಮಡಿಯ ಸಮೀಪಕ್ಕೇರಿ, ಅನಂತರ ವರ್ಷವರ್ಷವೂ ಇಳಿಯಿತು. ಎನಾಮೆಲಿನ ಇಂಗಾಲವನ್ನಳೆದು ಜನನವರ್ಷವನ್ನು ಸುಮಾರು ಒಂದೂವರೆ ವರ್ಷದ ಅಂತರದೊಳಗೆ ಹೇಳಬಹುದೆಂದು 2005ರಲ್ಲಿ ಸ್ಟಾಕ್‌ಹೋಮಿನ ಸಂಶೋಧಕರು ತೋರಿಸಿದರು.

ಇವೆಲ್ಲ ಪ್ರಯೋಗಾಲಯದ ಮಾತು. ಹವ್ಯಾಸಿಗೆ ಹಲ್ಲು ಮುಟ್ಟುವ ಅಧಿಕಾರವಿಲ್ಲ, ಇರಲೂಬಾರದು. ಊಹೆಯನ್ನು ಬೀದಿಗೆ ಹೇಳಿ ಒಂದು ಮನೆಯವರನ್ನು ವೃಥಾ ಅಳಿಸುವ ಅಧಿಕಾರವಂತೂ ಇಲ್ಲ. ಕಂಡದ್ದನ್ನು ಠಾಣೆಗೆ ಬರೆದು ತಿಳಿಸಬೇಕು. ಆದರೆ ಗಡಿನಾಡಿನವರಿಗೆ ಮಾತ್ರ ಸಾಧ್ಯವಾದ ಕೆಲಸವೊಂದುಂಟು. ಖಾನಾಪುರದ ಕಡತ ಕನ್ನಡದಲ್ಲಿದ್ದರೆ ಪಕ್ಕದ ಚಂದಗಡದ ದೂರು ಮರಾಠಿಯಲ್ಲಿರುತ್ತದೆ. ಘಟ್ಟ ಇಳಿದರೆ ಗೋವೆ. ಎರಡು ಮೂರು ಭಾಷೆಗಳ ಪತ್ರಿಕೆ ಓದಬಲ್ಲವರು ಬೆಳಗಾವಿಯಲ್ಲಿ ಓಣಿಗೊಬ್ಬರು ಸಿಕ್ಕಾರು. ಅವರು ನೋಡಬೇಕಾದುದು ಕೋಲುಮುಖವನ್ನಲ್ಲ. ಕೈಯ ಮೇಲಣ ಹಚ್ಚೆಯ ಅಕ್ಷರ ಯಾವ ಲಿಪಿಯದು, ಅಂಗಿಯ ಕೊರಳುಪಟ್ಟಿಯ ಒಳಗೆ ಹೊಲಿದ ಚೀಟಿಯಲ್ಲಿ ಯಾವ ಊರಿನ ದರ್ಜಿಯ ಹೆಸರಿದೆ ಎಂಬುದನ್ನು.