ಕಾಂತಕ್ಷೇತ್ರದ ಕೊಂಕು

ದಿಕ್ಸೂಚಿಯ ಬಳಿಗೆ ಕಬ್ಬಿಣದ ತುಂಡೊಂದನ್ನು ತಂದರೆ ಅದರ ಮುಳ್ಳು ಉತ್ತರವನ್ನು ಬಿಟ್ಟು ಬೇರೆಡೆಗೆ ವಾಲುವುದನ್ನು ನೀವು ಪ್ರಯೋಗಶಾಲೆಯಲ್ಲಿ ಕಂಡಿರಬಹುದು. ದೋಷ ಮುಳ್ಳಿನದಲ್ಲ; ಅದರ ಸುತ್ತಲಿನ ಕಾಂತಕ್ಷೇತ್ರ ಕೊಂಕಾಗಿದೆ. ಇಂಥದೇ ಕೊಂಕು ಆಸ್ಪತ್ರೆಯ ಎಂ.ಆರ್.ಐ. ಯಂತ್ರದಲ್ಲಿ ತಲೆದೋರಿದರೆ, ಮಿದುಳಿನ ಒಂದು ಭಾಗ ತಾನಿರುವ ಸ್ಥಳದಿಂದ ಕೆಲವು ಮಿಲಿಮೀಟರು ಆಚೆಗೆ ಇರುವಂತೆ ಚಿತ್ರದಲ್ಲಿ ತೋರುತ್ತದೆ. ಆ ಚಿತ್ರವನ್ನು ನಂಬಿ ಶಸ್ತ್ರವನ್ನು ಕೈಗೆತ್ತಿಕೊಳ್ಳುವ ವೈದ್ಯರಿಗೆ ಮಿಲಿಮೀಟರು ಅಲ್ಪವಾದ ಅಂತರವಲ್ಲ.

ಈ ಯಂತ್ರ ಬೆಳಕಿನಿಂದ ಚಿತ್ರ ತೆಗೆಯುವುದಿಲ್ಲ. ನಮ್ಮ ದೇಹದ ಬಹುಭಾಗ ನೀರು, ನೀರಿನಲ್ಲಿ ಜಲಜನಕವುಂಟು. ಜಲಜನಕ ಪರಮಾಣುವಿನ ಒಡಲಲ್ಲಿರುವ ಪ್ರೋಟಾನು ಒಂದು ಪುಟ್ಟ ಕಾಂತದಂತೆ ವರ್ತಿಸುತ್ತದೆ. ಬಲವಾದ ಕಾಂತಕ್ಷೇತ್ರದಲ್ಲಿ ಅದರ ಅಕ್ಷ, ತಲೆದೂಗುವ ಬುಗುರಿಯಂತೆ, ಓಲಾಡುತ್ತ ಸುತ್ತುತ್ತದೆ ಮತ್ತು ರೇಡಿಯೋ ಸಂಕೇತವನ್ನು ಹೊರಸೂಸಬಲ್ಲದು. ಭೂಮಿಯ ಕಾಂತಕ್ಷೇತ್ರದ ಸುಮಾರು 30,000 ಪಟ್ಟು ಪ್ರಬಲವಾದ 1.5 ಟೆಸ್ಲಾ ಯಂತ್ರದಲ್ಲಿ ಈ ಸುತ್ತುಗಳು ಸೆಕೆಂಡಿಗೆ ಸುಮಾರು 6.4 ಕೋಟಿ. ಕ್ಷೇತ್ರ ಹೆಚ್ಚಿದಷ್ಟೂ ಸುತ್ತುಗಳೂ ಹೆಚ್ಚು.

ಅಮೆರಿಕದ ರಸಾಯನವಿಜ್ಞಾನಿ ಪಾಲ್ ಲಾಟರ್‌ಬರ್ ಈ ನಿಯಮವನ್ನು ಜಾಣತನದಿಂದ ಬಳಸಿಕೊಂಡರು. ಕ್ಷೇತ್ರವು ಒಂದು ಬದಿಯಿಂದ ಇನ್ನೊಂದು ಬದಿಗೆ ಕ್ರಮವಾಗಿ ಏರುವಂತೆ ಮಾಡಿದರೆ, ಪ್ರೋಟಾನಿನ ವೇಗವೇ ಅದರ ವಿಳಾಸವಾಗುತ್ತದೆ. 1973ರಲ್ಲಿ ಅವರು ನೀರು ತುಂಬಿದ ಎರಡು ಸಣ್ಣ ನಳಿಗೆಗಳ ಚಿತ್ರವನ್ನು ಹೀಗೆ ಪ್ರಕಟಿಸಿದರು. 2003ರಲ್ಲಿ ಅವರಿಗೂ ಇಂಗ್ಲೆಂಡಿನ ಪೀಟರ್ ಮ್ಯಾನ್ಸ್‌ಫೀಲ್ಡರಿಗೂ ನೊಬೆಲ್ ಪಾರಿತೋಷಕ ದೊರೆಯಿತು. ಆದರೆ ಈ ಯುಕ್ತಿಯಲ್ಲಿಯೇ ಅಪಾಯವೂ ಅಡಗಿದೆ. ನಾವು ಬಯಸದ ಏರಿಳಿತ ಕ್ಷೇತ್ರದಲ್ಲಿದ್ದರೆ ಯಂತ್ರವು ಅದನ್ನೂ ವಿಳಾಸವೆಂದೇ ಓದುತ್ತದೆ.

ಎಷ್ಟು ಎಚ್ಚರದಿಂದ ಕಟ್ಟಿದ ಕಾಂತದಲ್ಲಿಯೂ ಇಂಥ ಏರಿಳಿತ ಇದ್ದೇ ಇರುತ್ತದೆ. ಕಟ್ಟಡದ ಉಕ್ಕಿನಿಂದ ಅದು ಇನ್ನಷ್ಟು ಹೆಚ್ಚಬಹುದು. ಅಲುಗಾಡುವ ಮೇಜಿನ ಕಾಲಿಗೆ ಮರದ ಚಕ್ಕೆಯನ್ನು ಇಡುತ್ತೇವಲ್ಲವೆ? ಯಂತ್ರದ ಒಳಗೋಡೆಯಲ್ಲಿಯೂ ಅಳತೆ ನೋಡಿ ಕಬ್ಬಿಣದ ಚಕ್ಕೆಗಳನ್ನು ಇಡುತ್ತಾರೆ. ಈ ಕೆಲಸಕ್ಕೆ ಇಂಗ್ಲಿಷಿನ 'ಶಿಮ್' ಎಂಬ ಬಡಗಿಯ ಮಾತೇ ಹೆಸರಾಗಿ ನಿಂತಿರುವುದು ಸ್ವಾರಸ್ಯವಾಗಿದೆ. ಹೀಗೆ ಏರಿಳಿತವನ್ನು ಹತ್ತು ಲಕ್ಷದಲ್ಲಿ ಕೆಲವೇ ಪಾಲಿಗೆ ಇಳಿಸಬಹುದು.

ಇಷ್ಟಾದ ಮೇಲೆ ರೋಗಿ ಒಳಗೆ ಮಲಗುತ್ತಾನೆ. ಅವನ ದೇಹವೇ ಕ್ಷೇತ್ರವನ್ನು ಮತ್ತೆ ಕೆಡಿಸುತ್ತದೆ! ಅಂಗಾಂಶದಲ್ಲಿರುವ ನೀರು ಕಾಂತಕ್ಷೇತ್ರವನ್ನು ಅತ್ಯಲ್ಪವಾಗಿ ವಿರೋಧಿಸುತ್ತದೆ; ಗಾಳಿ ಹಾಗೆ ಮಾಡುವುದಿಲ್ಲ. ಮೂಗಿನ ಹಿಂದಿನ ಮತ್ತು ಕಿವಿಯ ಬಳಿಯ ಗಾಳಿಯ ಗೂಡುಗಳಿಗೆ ತಾಗಿದ ಮಿದುಳಿನ ಭಾಗಗಳಲ್ಲಿ ಕ್ಷೇತ್ರ ಥಟ್ಟನೆ ಬಾಗುತ್ತದೆ. ಯಂತ್ರದಲ್ಲಿರುವ ವಿಶೇಷ ಸುರುಳಿಗಳ ವಿದ್ಯುತ್ತನ್ನು ಪ್ರತಿಯೊಬ್ಬ ರೋಗಿಗೂ ಹೊಂದಿಸುತ್ತಾರಾದರೂ ಅಷ್ಟು ಚಿಕ್ಕ ಸ್ಥಳದ ಬಾಗು ಪೂರ್ತಿ ಅಳಿಯದು.

ನಿಧಾನವಾಗಿ ತೆಗೆದ ಚಿತ್ರದಲ್ಲಿ ಇದು ಅಷ್ಟಾಗಿ ಕಾಣಿಸದು. ತೊಂದರೆಯಾಗುವುದು ಮ್ಯಾನ್ಸ್‌ಫೀಲ್ಡರ ಶೀಘ್ರ ವಿಧಾನದಲ್ಲಿ. ಅದರಲ್ಲಿ ಅಕ್ಕಪಕ್ಕದ ಎರಡು ಚುಕ್ಕಿಗಳಿಗಿರುವ ವ್ಯತ್ಯಾಸ ಸೆಕೆಂಡಿಗೆ 20 ಸುತ್ತು, ಚುಕ್ಕಿಯ ಅಗಲ 2 ಮಿ.ಮೀ. ಎಂದುಕೊಳ್ಳೋಣ. ಹತ್ತು ಲಕ್ಷದಲ್ಲಿ ಒಂದು ಪಾಲು ತಪ್ಪಾದರೆ 64 ಸುತ್ತುಗಳ ವ್ಯತ್ಯಾಸವಾಯಿತು. ಎಂದರೆ ಮೂರು ಚುಕ್ಕಿ, 6 ಮಿ.ಮೀ. ಮಾತು, ಚಲನೆಗಳ ನರತಂತುಗಳು ಹಾಯುವ ದಾರಿಯನ್ನು ತಿಳಿಯಲು ಈ ಶೀಘ್ರ ಚಿತ್ರಗಳೇ ಬೇಕು. ಗಡ್ಡೆಯನ್ನು ನಿಧಾನದ ಚಿತ್ರದಲ್ಲಿಯೂ ತಂತುಗಳನ್ನು ಶೀಘ್ರ ಚಿತ್ರದಲ್ಲಿಯೂ ನೋಡಿ ಒಂದರ ಮೇಲೊಂದಿಟ್ಟರೆ, ತಂತುವಿರುವ ಜಾಗವೇ ಬರಿದಾಗಿ ಕಂಡೀತು.

ಪರಿಹಾರವೇನು? ಒಟ್ಟಿಗೆ ಹೊಂದಿಸಿದ ಎರಡು ಗಡಿಯಾರಗಳನ್ನು ಸ್ವಲ್ಪ ಹೊತ್ತಿನ ಮೇಲೆ ನೋಡಿದರೆ, ಯಾವುದು ಎಷ್ಟು ಮುಂದೋಡಿದೆಯೆಂದು ತಿಳಿಯುತ್ತದೆ. ಹಾಗೆಯೇ ಕೆಲವು ಮಿಲಿಸೆಕೆಂಡುಗಳ ಅಂತರದಲ್ಲಿ ಸಂಕೇತವನ್ನು ಎರಡು ಸಲ ಓದಿ, ಪ್ರತಿ ಚುಕ್ಕಿಯಲ್ಲಿಯೂ ಕ್ಷೇತ್ರ ಎಷ್ಟು ತಪ್ಪಿದೆಯೆಂಬ ನಕ್ಷೆಯನ್ನು ಬರೆಯಬಹುದು. ಅಮೆರಿಕದಲ್ಲಿ ಪೀಟರ್ ಜೆಝರ್ಡ್ ಮತ್ತು ರಾಬರ್ಟ್ ಬಲಬಾನ್ 1995ರಲ್ಲಿ ಇಂಥ ನಕ್ಷೆಯ ನೆರವಿನಿಂದ ಶೀಘ್ರ ಚಿತ್ರದ ಚುಕ್ಕಿಗಳನ್ನು ಅವುಗಳ ಸ್ವಸ್ಥಾನಕ್ಕೆ ಮರಳಿಸುವ ವಿಧಾನವನ್ನು ಪ್ರಕಟಿಸಿದರು.

ಆದರೆ ಎರಡು ಸ್ಥಳಗಳ ಸಂಕೇತ ಒಂದೇ ಚುಕ್ಕಿಯಲ್ಲಿ ರಾಶಿಬಿದ್ದಿದ್ದರೆ ನಕ್ಷೆಯೊಂದರಿಂದಲೇ ಅದನ್ನು ಬಿಡಿಸಲಾಗದು. ಆಗ ವಿರುದ್ಧ ದಿಕ್ಕುಗಳಲ್ಲಿ ಎರಡು ಚಿತ್ರಗಳನ್ನು ತೆಗೆಯುತ್ತಾರೆ. ಒಂದರಲ್ಲಿ ಮುದುಡಿದ ಭಾಗ ಇನ್ನೊಂದರಲ್ಲಿ ಹಿಗ್ಗಿರುತ್ತದೆ. ಎರಡನ್ನೂ ಹೋಲಿಸಿ ಗಣಕಯಂತ್ರವು ನಡುವಣ ನಿಜವಾದ ಆಕಾರವನ್ನು ಲೆಕ್ಕಹಾಕುತ್ತದೆ. ಸಂಕೇತವೇ ನಂದಿಹೋಗಿ ಕಪ್ಪು ಕಲೆ ಉಳಿದ ಕಡೆ ಮಾತ್ರ ಯಾವ ಲೆಕ್ಕವೂ ನಡೆಯದು. ಆ ಭಾಗವನ್ನು ನಿಧಾನದ ವಿಧಾನದಿಂದ ಮತ್ತೊಮ್ಮೆ ಚಿತ್ರಿಸಬೇಕಾಗುತ್ತದೆ.